ಮಠದೊಳಗೆ ಸಬೀನಾಗೊಂದು ಜಾಗ

ನಮ್ಮ ಊರು ಮೊಯ್‌ವಾರಾದ, ಹಿಂದೆ ಕ್ರೈಸ್ತ ಸನ್ಯಾಸಿಗಳಿದ್ದ ಮಠವನ್ನು ಯಾರಾದರೂ ಪಾಳು ಕಟ್ಟಡ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೂರಿಲ್ಲ, ಒಪ್ಪಿದೆ. ಕಿಟಕಿಗೆ ಗಾಜಿಲ್ಲ, ಗೋಪುರದ ತುದಿಯಲ್ಲಿ ಕಾಗೆಗಳ ಸಂಸಾರ, ಅದನ್ನೂ ಒಪ್ಪಿದೆ. ಆದರೆ ನನ್ನ ಅಪ್ಪ, ಅಮ್ಮ, ಅಜ್ಜ, ಅಜ್ಜನ ಜಗಳಗಂಟ ತಮ್ಮ, ಎಲ್ಲರೂ ಅದರೊಳಗೆ ಪೂರ್ವದ ದೊಡ್ಡ ಕಿಟಕಿಯ ಬುಡದಲ್ಲಿ ಮಲಗಿದ್ದಾರೆ. ಟೂಹಿ ಮನೆಯವರು ಗೋಪುರದ ಆಚೆ, ಡರ್ಕನ್ ಮನೆಯವರು ತೆಂಕಣ ಗೋಡೆಗೆ ಒರಗಿಕೊಂಡು. ಊರಿನಲ್ಲಿ ಉಸಿರಾಡುವವರಿಗಿಂತ ಹೆಚ್ಚು ಜನ ಇರುವ ಮನೆಯನ್ನು ಪಾಳು ಎನ್ನುವ ಬಾಯಿಗೆ ಏನು ಹಾಕಬೇಕು ಹೇಳಿ.

ನಾನು ಫೆಸ್ಟಸ್ ಮುಲ್ರೂನಿ. ಊರಿನ ಪಬ್ಬು ನನ್ನದು, ಹೆಣ ಸಾಗಿಸುವ ಗಾಡಿಯೂ ನನ್ನದೇ. ನಮ್ಮ ಕಡೆ ಈ ಎರಡು ಕಸುಬು ಒಂದೇ ಮನೆಯಲ್ಲಿರುವುದು ವಾಡಿಕೆ. ಮುಂದಿನ ಕೋಣೆಯಲ್ಲಿ ಕಪ್ಪು ಬಿಯರ್ ಸುರಿಯುತ್ತೇನೆ, ಹಿಂದಿನ ಕೊಟ್ಟಿಗೆಯಲ್ಲಿ ಪೆಟ್ಟಿಗೆ ಸಿದ್ಧ ಮಾಡುತ್ತೇನೆ. ಹಾಗಾಗಿ ಯಾರನ್ನು ಎಲ್ಲಿ ಮಣ್ಣು ಮಾಡಬೇಕು ಎಂಬ ಜಗಳವೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತದೆ.

ಮಠದೊಳಗೆ ಮಲಗುವುದು ದುಡ್ಡು ಕೊಟ್ಟರೆ ಸಿಗುವ ಭಾಗ್ಯವಲ್ಲ. ಮನೆತನಕ್ಕೊಂದು ಜಾಗ. ಆ ಮನೆಯಲ್ಲಿ ಹುಟ್ಟಬೇಕು, ಇಲ್ಲವೇ ಆ ಮನೆಗೆ ಮದುವೆಯಾಗಿ ಬರಬೇಕು. ಸರ್ಕಾರದವರು ಸ್ಮಾರಕ ಎಂದು ಹಲಗೆ ನೆಟ್ಟ ಮೇಲೆ ಕಾನೂನೂ ಅದೇ ಆಯಿತು: ಯಾರ ಕಡೆಯವರು ಒಳಗಿದ್ದಾರೋ ಅವರಿಗೆ ಮಾತ್ರ ಒಳಗೆ. ಉಳಿದವರಿಗೆ ರಸ್ತೆಯಾಚೆ ಹೊಸ ಸ್ಮಶಾನ. ಶಾಲೆಯ ಮಕ್ಕಳನ್ನು ನಿಲ್ಲಿಸಿದ ಹಾಗೆ ಸಾಲು ಸಾಲು, ಒಂದು ಮರವಿಲ್ಲ, ಕಡಲ ಗಾಳಿ ನೇರವಾಗಿ ಬಂದು ಬಡಿಯುತ್ತದೆ.

ಈ ಮಾತೆಲ್ಲ ಏಕೆ ಎಂದರೆ, ಆ ಮಠದ ಬಾಗಿಲಿನ ಬೀಗದ ಕೈ ಜೀವಮಾನವಿಡೀ ಯಾರ ಕೈಯಲ್ಲಿತ್ತೋ ಆಕೆಗೆ ಒಳಗೆ ಮೂರಡಿ ಜಾಗ ಇರಲಿಲ್ಲ. ಆಕೆಯ ಹೆಸರು ಸಬೀನಾ. ಊರವರ ಬಾಯಲ್ಲಿ 'ಕೇಟಳ ಸಬೀನಾ'.

ಅವಳು ಕೇಟಳ ಮಗಳಲ್ಲ. ಜಿಲ್ಲೆಯ ಅನಾಥಾಲಯದಿಂದ ಮಕ್ಕಳನ್ನು ತಂದು ರೈತರ ಮನೆಗಳಲ್ಲಿ ಇರಿಸುತ್ತಿದ್ದ ಕಾಲ ಅದು. ಕೆಲವರು ಪಾಪ ಎಂದು ಇಟ್ಟುಕೊಳ್ಳುತ್ತಿದ್ದರು, ಹೆಚ್ಚಿನವರು ಬಿಟ್ಟಿ ಕೆಲಸಕ್ಕೆ. ಮಠದ ಪಕ್ಕದ ಮನೆಯ ವಿಧವೆ ಕೇಟ್ ಲವೆಲ್ ಎರಡಕ್ಕೂ ಇಟ್ಟುಕೊಂಡಳು. ಹಾಲುಹಲ್ಲು ಬಿದ್ದ ಹುಡುಗಿ ಕತ್ತೆಗಾಡಿಯಲ್ಲಿ ಬಂದಿಳಿದಳಂತೆ, ಕೈಯಲ್ಲಿ ಒಂದು ಗಂಟು. ಕೇಟಳ ನಾಲಗೆ ಕತ್ತಿ, ಆದರೆ ಅನ್ನಕ್ಕೆ ಕಡಿಮೆ ಮಾಡಿದವಳಲ್ಲ. ತನಗೆಷ್ಟು ಆಲೂಗಡ್ಡೆಯೋ ಹುಡುಗಿಗೂ ಅಷ್ಟೇ. ಬೆಣ್ಣೆಯೂ ಅಷ್ಟೇ.

ಬೀಗದ ಕೈ ಲವೆಲ್ ಮನೆಯಲ್ಲಿರುವುದು ತಲೆತಲಾಂತರದ ರೂಢಿ. ಕೇಟ್ ಹುಡುಗಿಯನ್ನು ದಿನಾ ಒಳಗೆ ಕರೆದೊಯ್ಯುತ್ತಿದ್ದಳು. ಗೋಡೆ ತಿನ್ನುವ ಬಳ್ಳಿ ಕೀಳಬೇಕು, ಕುರಿ ನುಗ್ಗದ ಹಾಗೆ ನೋಡಬೇಕು, ಗೋರಿಗಳ ಮೇಲಿನ ಹುಲ್ಲು ಕತ್ತರಿಸಬೇಕು. ಅಲ್ಲಿ ನಡೆದ ಒಂದು ಮಾತನ್ನು ಸಬೀನಾ ಎಷ್ಟೋ ವರ್ಷದ ಮೇಲೆ ನನ್ನ ಹೆಂಡತಿ ಡೀಲಿಯಾಗೆ ಹೇಳಿದ್ದಳು.

"ಚಿಕ್ಕಮ್ಮ, ಇಲ್ಲಿ ಯಾರಿದಾರೆ?"

"ನಮ್ಮೋರು. ಲವೆಲ್‌ಗಳು."

"ಅಲ್ಲಿ?"

"ಅದು ಟೂಹಿಗಳದ್ದು. ಕಾಲಿಡಬೇಡ, ಪಕ್ಕಕ್ಕೆ ಬಾ."

"ಮತ್ತೆ ನಮ್ಮೋರು ಎಲ್ಲಿದಾರೆ? ನಮ್ಮಮ್ಮನ ಕಡೆಯೋರು?"

ಕೇಟ್ ಒಂದು ಬಳ್ಳಿ ಕಿತ್ತೆಸೆದು, "ನಿಮ್ಮೋರು ಯಾರು ಅಂತ ಆ ದೇವರಿಗೇ ಗೊತ್ತು ಮಗಾ. ಹುಲ್ಲು ಕೀಳು," ಎಂದಳಂತೆ.

ಹುಡುಗಿ ಹುಲ್ಲು ಕಿತ್ತಳು. ಅಂದಿನಿಂದ ಕಿತ್ತದ್ದೇ ಕಿತ್ತದ್ದು. ಕೇಟ್ ತೀರಿಕೊಂಡಾಗ ಅವಳೇ ಮನೆಯ ಜಾಗದಲ್ಲಿ ಕೇಟಳನ್ನು ಮಲಗಿಸಿದಳು, ಅಲ್ಲಿಗೆ ಲವೆಲ್‌ಗಳ ಜಾಗ ಭರ್ತಿಯಾಯಿತು. ಗ್ಲಾಸ್ಗೋದಲ್ಲಿದ್ದ ಕೇಟಳ ಗಂಡನ ಅಣ್ಣನ ಮಗ ಒಳ್ಳೆಯವನು. "ಮನೇಲಿ ಇರು, ಬೀಗದ ಕೈ ಇಟ್ಕೋ," ಎಂದ. ಗೋರಿಯ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ನೋಡಲು ಬಂದವರಿಗೆ ಸಬೀನಾ ಮಠ ತೋರಿಸುವ ಚೆಂದವೇ ಚೆಂದ. ಎಪ್ರನ್ನಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು, ಅರ್ಧ ದಾರಿಯಲ್ಲೇ ಕತೆ ಶುರುವಾಗಿರುತ್ತಿತ್ತು. "ಒಬ್ಬ ಬರ್ಕ್ ದೊರೆ ಇದ್ದ. ಮಹಾ ಪಾಪಿ. ಕೊಲ್ಲಿ ದಾಟೋವಾಗ ದೋಣಿ ಮಗುಚಿಕೊಳ್ತು. 'ದೇವರೇ, ಬದುಕಿಸಿದ್ರೆ ನಿನ್ನ ಬರಿಗಾಲ ಸನ್ಯಾಸಿಗಳಿಗೆ ಮನೆ ಕಟ್ತೀನಿ' ಅಂದ. ಅಲೆ ತಂದು ಇಲ್ಲಿ ಎಸೀತು. ಎದ್ದು ಬಟ್ಟೆ ಹಿಂಡಿಕೊಂಡವನೇ ಮಾತು ಉಳಿಸಿಕೊಂಡ. ಕಷ್ಟದಲ್ಲಿ ಹರಕೆ ಎಲ್ಲರೂ ಹೊರ್ತಾರೆ, ದಡ ಸೇರಿದ ಮೇಲೆ ನೆನಪಿಟ್ಕೊಳ್ಳೋರು ಎಷ್ಟು ಜನ ಹೇಳಿ?"

ಆಮೇಲೆ ಗೋಪುರದ ಕೆಳಗೆ ನಿಲ್ಲಿಸಿ ತೋರಿಸುವಳು. ಉದ್ದನೆಯ ಚರ್ಚಿನ ನಡುವೆ, ಜನ ನಿಲ್ಲುವ ಭಾಗಕ್ಕೂ ಬಲಿಪೀಠದ ಭಾಗಕ್ಕೂ ಮಧ್ಯೆ ಎದ್ದು ನಿಂತ ಸಪೂರ ಗೋಪುರ ಅದು. "ಇದು ಆಮೇಲೆ ಬಂದದ್ದು. ಕೆಳಗೆ ನೋಡಿ, ಇದರ ಕಾಲು ಹಳೇ ಗೋಡೆಗೆ ಬೆಸೆದುಕೊಂಡಿಲ್ಲ, ಪಕ್ಕದಲ್ಲಿ ನಿಂತಿದೆ ಅಷ್ಟೆ. ಹೊಸ ಸೊಸೆ ಥರ. ಐನೂರು ವರ್ಷ ಆಯ್ತು, ಇನ್ನೂ ಸಂಕೋಚ ಹೋಗಿಲ್ಲ." ಅಲ್ಲಿಂದ ಬಡಗಣ ಬಾಗಿಲು ದಾಟಿ ಕಂಬಸಾಲಿನ ತೊಟ್ಟಿ ಅಂಗಳ. ಜೋಡಿ ಜೋಡಿ ಕಂಬ, ಅವುಗಳ ಮೇಲೆ ಚೂಪು ಕಮಾನು, ಒಂದು ಕಂಬದ ಮೇಲೆ ಅಂಗೈಯಗಲದ ದೋಣಿಯ ಕೆತ್ತನೆ. ಮಹಡಿಯ ಮಲಗುವ ಮನೆಯಿಂದ ನೇರ ಚರ್ಚಿಗೇ ಇಳಿಯುವ ಕಲ್ಲಿನ ಮೆಟ್ಟಿಲು ಗೋಪುರದ ಈಚೆ, ಬಡಗಣ ಗೋಡೆಯಲ್ಲಿದೆ. ಸನ್ಯಾಸಿಗಳು ನಡುರಾತ್ರಿಯ ಪ್ರಾರ್ಥನೆಗೆ ನಿದ್ದೆಗಣ್ಣಲ್ಲಿ ಇಳಿದು ಇಳಿದು ಮೆಟ್ಟಿಲ ನಡು ಸವೆದು ಬಟ್ಟಲಾಗಿದೆ. ಸಬೀನಾಗೆ ಇಡೀ ಮಠದಲ್ಲಿ ಅಚ್ಚುಮೆಚ್ಚಿನ ಜಾಗ ಅದೇ. ದಣಿವಾದಾಗ ಕೆಳಗಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

ಸೈನಿಕರು ಬಂದು ಸೂರಿಗೆ ಬೆಂಕಿ ಹಚ್ಚಿದ ಕತೆ ಹೇಳುವಾಗ ಅವಳ ದನಿ ಇಳಿಯುತ್ತಿತ್ತು. ಸನ್ಯಾಸಿಗಳು ಜೌಗಿನಲ್ಲಿ ಅಡಗಿದರು, ಸೈನಿಕರು ಹೋದ ಮೇಲೆ ಒಬ್ಬೊಬ್ಬರಾಗಿ ಮರಳಿದರು. ಕೊನೆಯವನು ಗೋಡೆಗೆ ಹುಲ್ಲಿನ ಮಾಡು ಇಳಿಸಿಕೊಂಡು, ಮನೆಮನೆಯಲ್ಲಿ ಬೇಡಿ ಉಂಡು, ಅಲ್ಲೇ ಸತ್ತ. "ಅವನು ಒಬ್ಬನೇ ಆಗಿಬಿಡ್ತಾನಲ್ಲ ಅಂತ ಊರೋರು ತಮ್ಮ ಸತ್ತೋರನ್ನ ತಂದು ಪಕ್ಕದಲ್ಲಿ ಮಲಗಿಸೋಕೆ ಶುರು ಮಾಡಿದ್ರು," ಎನ್ನುವಳು. ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅವಳ ಬಾಯಲ್ಲಿ ಕೇಳಿದರೆ ಹೌದು ಅನ್ನಿಸುತ್ತಿತ್ತು.

ಮದುವೆಯಾಗಿದ್ದರೆ ಜಾಗ ತಾನಾಗಿ ಬರುತ್ತಿತ್ತು. ಕೇಳಿದವನೂ ಒಬ್ಬನಿದ್ದ, ಪೀಟಿ ಡರ್ಕನ್. ಮಾತು ಆಡಲು ಬಾರದ ಆಸಾಮಿ. ಸಂತೆಯ ದಿನ ನಮ್ಮ ಪಬ್ಬಿನಲ್ಲಿ, ಊರೆಲ್ಲ ಕೂತಿರುವಾಗ, ಎರಡು ಲೋಟ ಏರಿಸಿ ಅವಳ ಮುಂದೆ ಬಂದು ನಿಂತ. ಇನ್ನೂ ಮೀಸೆ ಮೂಡುತ್ತಿದ್ದ ನಾನು ಲೋಟ ತೊಳೆಯುತ್ತಿದ್ದೆ.

"ಸಬೀನಾ, ನಮ್ಮ ಜಾಗ ತೆಂಕಣ ಗೋಡೆ ಬುಡದಲ್ಲಿದೆ. ಒಂಚೂರೂ ಗಾಳಿ ಸೋಕಲ್ಲ. ನನ್ನ ಪಕ್ಕದಲ್ಲೇ ನಿಂಗೂ ಜಾಗ ಇರುತ್ತೆ. ಏನಂತೀಯಾ?"

"ಗೋರಿ ಆಸೆಗೆ ಬಿದ್ದು ಅಲ್ಲೀವರೆಗೂ ನಿನ್ನ ಗೊರಕೆ ಕೇಳ್ಕೊಂಡಿರಬೇಕೇನೋ ಪೀಟಿ?"

ಪಬ್ಬು ಬಿದ್ದು ಬಿದ್ದು ನಕ್ಕಿತು. ಪೀಟಿಯೂ ನಕ್ಕ, ಪಾಪ. ಆದರೆ ನಗು ಇಳಿದ ಮೇಲೆ ಅವಳು ಮುಖ ತಿರುಗಿಸಿ ಕಿಟಕಿಯಾಚೆ ಗೋಪುರವನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ಇಷ್ಟವಿಲ್ಲದ ಗಂಡನನ್ನು ಕಟ್ಟಿಕೊಂಡು ಜಾಗ ಗಿಟ್ಟಿಸುವ ಹೆಂಗಸಲ್ಲ ಅವಳು. ಹಾಗೆಂದು ಆಸೆ ಇರಲಿಲ್ಲವೆಂದು ಯಾರು ಹೇಳಿದರು?

ಇನ್ನು ನನ್ನ ಮನೆಯ ಮಾತು. ನಮ್ಮ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ದೀಕ್ಷಾಸ್ನಾನವಾಗದ ಕೂಸಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲ ಎಂಬುದು ಆಗಿನ ಕಟ್ಟಳೆ. ಊರಿನ ಹೆಣಗಳನ್ನೆಲ್ಲ ಗಾಡಿಯಲ್ಲಿ ಸಾಗಿಸಿದ ನಾನು ನನ್ನ ಮಗುವನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಂಕುಳಲ್ಲಿ ಹಿಡಿದು ಮಠದ ಕಡಲ ಕಡೆಯ ಗೋಡೆಯಾಚೆ ಒಯ್ದೆ. ಪಾದ್ರಿಯಿಲ್ಲ, ಗಂಟೆಯಿಲ್ಲ. ಸಬೀನಾ ಅಲ್ಲಿ ನಿಂತಿದ್ದಳು. ನನ್ನ ಜೊತೆ ಮೊಣಕಾಲೂರಿ ಜಪಮಾಲೆ ಹಿಡಿದಳು. ಮುಂದಿನ ವಸಂತಕ್ಕೆ ಅಲ್ಲಿ ಹಳದಿ ಹೂವಿನ ಗಿಡಗಳಿದ್ದವು. ಡೀಲಿಯಾಗೆ ಮನೆಯಿಂದ ಹೊರಬರಲು ಮನಸ್ಸಿಲ್ಲದ ದಿನಗಳಲ್ಲಿ ಸಬೀನಾ ತಾನಾಗಿ ಬಂದು, "ಬಾರೇ, ನಿನ್ನ ಮಗೂನ ನೋಡ್ಕೊಂಡು ಬರೋಣ," ಎಂದು ಕೈ ಹಿಡಿದು ಕರೆದೊಯ್ಯುತ್ತಿದ್ದಳು. 'ಮಗು' ಎಂದು ಕರೆದವಳು ಊರಿನಲ್ಲಿ ಅವಳೊಬ್ಬಳೇ. ಈ ಉಪಕಾರ ನಾನು ಸತ್ತರೂ ಮರೆಯುವುದಿಲ್ಲ. ಇಂಥದ್ದೊಂದು ಉಪಕಾರ ಊರಿನ ಪ್ರತಿ ಮನೆಗೂ ಅವಳಿಂದ ಆಗಿತ್ತು.

ಹೊಸ ಸ್ಮಶಾನಕ್ಕೆ ಬೇಲಿ ಹಾಕಿದ ವರ್ಷ ಒಂದು ಮಧ್ಯಾಹ್ನ ಅವಳು ಪಬ್ಬಿಗೆ ಬಂದು ಸುಮ್ಮನೆ ಕೇಳಿದಳು.

"ಫೆಸ್ಟಿ, ಆ ಹೊಸ ಜಾಗದಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತೇನೋ?"

ನನಗೆ ಅರ್ಥವಾಯಿತು. "ಇಲ್ಲ ಕಣೆ, ಕೆಳಗೆ ಜಲ್ಲಿ ಇದೆ," ಎಂದೆ.

"ಸರಿ ಹಾಗಾದ್ರೆ," ಎಂದು ಎದ್ದು ಹೋದಳು.

ಈಗ ನೀವು ಕೇಳುತ್ತೀರಿ, ಊರಿನಲ್ಲಿ ಇಷ್ಟು ಜನ ಇದ್ದರಲ್ಲ, ಒಬ್ಬರಾದರೂ 'ನಮ್ಮ ಜಾಗಕ್ಕೆ ಬಾ' ಎನ್ನಬಾರದಿತ್ತೇ ಎಂದು. ಅನ್ನಬಾರದು! ಅದೇ ತಾನೇ ತಾಪತ್ರಯ. ಬದುಕಿರುವವರಿಗೆ ಗೋರಿಯ ಮಾತೆತ್ತಿದರೆ ಸಾವನ್ನು ಹೆಸರು ಹಿಡಿದು ಕರೆದ ಹಾಗೆ. ಅದು ನಮ್ಮಲ್ಲಿ ಶಾಪಕ್ಕೆ ಸಮ. ಪೀಟಿಯದು ಮದುವೆಯ ಮಾತು, ಅದಕ್ಕೆ ಮಾಫಿ. ಅವಳು ಕೇಳುವವಳಲ್ಲ, ನಾವು ಹೇಳುವ ಹಾಗಿಲ್ಲ. ಹೀಗೆ ವರ್ಷಗಳು ಉರುಳಿದವು, ಅವಳ ತಲೆ ಪೂರ್ತಿ ಬೆಳ್ಳಗಾಯಿತು.

ಒಂದು ಜನವರಿಯಲ್ಲಿ ಮಲಾಕಿ ಟೂಹಿ ತೀರಿಕೊಂಡ. ಶನಿವಾರ ಹೋದ, ಮಂಗಳವಾರ ಮಣ್ಣು ಎಂದಾಯಿತು. ನಮ್ಮಲ್ಲಿ ಗುಂಡಿ ತೋಡುವವರು ನೆರೆಹೊರೆಯವರು. ಸತ್ತವರ ಮನೆಯವರು ಸಲಿಕೆ ಮುಟ್ಟುವ ಹಾಗಿಲ್ಲ. ಸೋಮವಾರ ನೆಲ ತೆರೆಯುವ ಹಾಗೂ ಇಲ್ಲ. ತೋಡಲೇಬೇಕೆಂದರೆ ಭಾನುವಾರವೇ ಒಂದು ಹೆಂಟೆ ಎತ್ತಿಟ್ಟಿರಬೇಕು. ಹಾಗಾಗಿ ಭಾನುವಾರ ಸಂಜೆ ಪೀಟಿ ಡರ್ಕನ್ ಇನ್ನು ಮೂವರನ್ನು ಕಟ್ಟಿಕೊಂಡು ಹೊರಟ. ಅಪರೂಪಕ್ಕೆ ಹಿಮ ಬಿದ್ದಿತ್ತು, ಮೇಲಿಂದ ಮಂಜು. ನೆಲವೆಲ್ಲ ಒಂದೇ ಬಿಳುಪು.

ಸಬೀನಾ ನ್ಯುಮೋನಿಯಾ ಹಿಡಿದು ಮಲಗಿದ್ದಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗೋರಿ ತೋಡಲು ಬೀಗದ ಕೈ ಕೊಡು ಎನ್ನಲು ಯಾರಿಗೆ ನಾಲಗೆ ಬಂದೀತು? ಅದಕ್ಕೇ ಈ ಮಹಾಶಯರು ಬಾಗಿಲಿನ ಗೊಡವೆಗೆ ಹೋಗದೆ, ಪೂರ್ವದ ಮೂಲೆಯಲ್ಲಿ ಗೋಡೆ ಕುಸಿದ ಕಂಡಿಯಿಂದ ನುಸುಳಿದರು. ಟೂಹಿಗಳ ಜಾಗ ಎಲ್ಲಿ ಎಂದು ಎಲ್ಲರಿಗೂ ಬಾಯಿಪಾಠ: ಗೋಪುರದ ಕಮಾನು ದಾಟಿದ ಕೂಡಲೇ ಬಲಕ್ಕೆ, ಗೋಡೆಯ ಬುಡ. ಕಮಾನು ದಾಟಿದರು, ಬಲಕ್ಕೆ ತಿರುಗಿದರು, ಗೋಡೆಯ ಬುಡದಲ್ಲಿ ಹೆಂಟೆ ಎತ್ತಿದರು. ಪಡುವಣ ಬಾಗಿಲಿನಿಂದ ಬಂದವನ ಬಲವೇ ಬೇರೆ, ಬೆನ್ನಿನ ಕಡೆಯಿಂದ ಬಂದವನ ಬಲವೇ ಬೇರೆ ಎಂದು ನಾಲ್ಕು ತಲೆಯಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಸೋಮವಾರ ನಡುಹಗಲು ನಾನು ಅವರಿಗೆ ವಿಸ್ಕಿ, ರೊಟ್ಟಿ, ಹಂದಿಮಾಂಸ ತೆಗೆದುಕೊಂಡು ಹೋದೆ. ಗುಂಡಿ ಎದೆಯುದ್ದ ಆಗಿತ್ತು. ಅಂಚಿನಲ್ಲಿ ಬರೀ ಮಣ್ಣಿನ ರಾಶಿ.

"ಮೂಳೆ ಎಲ್ರೋ?" ಎಂದೆ.

ನಮ್ಮ ಮಠದಲ್ಲಿ ಎಲ್ಲಿ ಅಗೆದರೂ ಹಿರಿಯರ ಮೂಳೆ ಸಿಗುತ್ತದೆ. ಅದನ್ನು ಮರ್ಯಾದೆಯಿಂದ ಬಟ್ಟೆಯಲ್ಲಿಟ್ಟು, ಹೊಸಬರ ಜೊತೆ ಮತ್ತೆ ಮಲಗಿಸುವುದು ಪದ್ಧತಿ.

"ಅದೇ ಯೋಚನೆ ಮಾಡ್ತಿದ್ದೆ," ಎಂದ ಪೀಟಿ ಗುಂಡಿಯೊಳಗಿಂದ. "ಟೂಹಿಗಳು ಕರಗಿಬಿಟ್ರೋ ಏನೋ."

"ಟೂಹಿಗಳು ಕರಗೋ ಜಾತಿಯೇನೋ? ತಲೆ ಎತ್ತಿ ನೋಡು. ಏನು ಕಾಣುತ್ತೆ?"

ಅವನು ನೋಡಿದ. ತಲೆಯ ಮೇಲೆಯೇ ಸನ್ಯಾಸಿಗಳ ಮೆಟ್ಟಿಲು. "ಅಯ್ಯೋ ದೇವರೇ!" ಎಂದು ಗುಂಡಿಯಲ್ಲೇ ಕುಳಿತುಬಿಟ್ಟ.

ನೆಲ ತಪ್ಪಿತು, ಮುಚ್ಚಿಬಿಟ್ಟರಾಯಿತು ಎನ್ನುತ್ತೀರೇನೋ. ಬಾಯಿ ತೆರೆದ ಗೋರಿಯನ್ನು ಬರಿದಾಗಿ ಮುಚ್ಚಿದರೆ ಅದು ತೋಡಿದವರ ಮನೆಯಿಂದ ಒಬ್ಬರನ್ನು ಕರೆದುಕೊಳ್ಳುತ್ತದೆ. ಇದು ನಮ್ಮಲ್ಲಿ ಎಳೆ ಮಗುವಿಗೂ ಗೊತ್ತು. ತೋಡಿದವರಲ್ಲಿ ಒಬ್ಬನ ಹೆಂಡತಿ ತುಂಬು ಬಸುರಿ. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಸುದ್ದಿ ಹಬ್ಬಿ ಊರೇ ನೆರೆಯಿತು. ಪಾದ್ರಿ ಫಾದರ್ ಕಾನ್ರಾಯ್ ಬಂದರು.

"ಇದೆಲ್ಲ ಮೂಢನಂಬಿಕೆ. ಮುಚ್ಚಿಬಿಡ್ರಪ್ಪ," ಎಂದರು.

ನಾನು ಸಲಿಕೆ ಮುಂದೆ ಚಾಚಿದೆ. "ತಗೊಳ್ಳಿ ಫಾದರ್, ಮೊದಲ ಮಣ್ಣು ನಿಮ್ಮ ಕೈಯಿಂದ್ಲೇ ಆಗ್ಲಿ."

ಫಾದರ್ ಎರಡೂ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು, "ನಂಗೆ ಸೊಂಟ ನೋವು," ಎಂದರು. ಅವರೂ ನಮ್ಮ ಜಿಲ್ಲೆಯವರೇ ತಾನೇ.

ಮಲಾಕಿಯನ್ನು ಇಲ್ಲೇ ಮಲಗಿಸೋಣ ಎಂದ ಯಾರೋ ಒಬ್ಬ ಬುದ್ಧಿವಂತ. ಮಲಾಕಿಯ ಹೆಂಡತಿ ವಿನಿ ಕಪ್ಪು ಶಾಲು ಹೊದ್ದು ಆಗ ತಾನೇ ಬಂದಿದ್ದಳು. "ಅವನಮ್ಮನ ಪಕ್ಕ ಬಿಟ್ಟು ಬೇರೆ ಕಡೆ ಮಲಗಿಸಿದ್ರೆ, ನಾಳೆ ನಾನು ಹೋದಾಗ ಆ ಮುದುಕಿ ನನ್ನ ಸುಮ್ನೆ ಬಿಡ್ತಾಳಾ? ಆಗಲ್ಲ. ಸೋಮವಾರ ಹೊಸ ನೆಲ ತೆರೆಯೋ ಹಾಗೂ ಇಲ್ಲ. ಮಲಾಕಿ ಇನ್ನೊಂದು ದಿನ ಕಾಯ್ತಾನೆ ಬಿಡಿ. ಬದುಕಿದ್ದಾಗ ಯಾವತ್ತು ಹೊತ್ತಿಗೆ ಸರಿಯಾಗಿ ಎಲ್ಲಿಗೆ ಹೋಗಿದ್ದ?"

ಆ ಹೊತ್ತಿಗೆ ಪಡುವಣ ಬಾಗಿಲಿನ ಬೀಗ ಕಿರುಗುಟ್ಟಿತು. ಸಬೀನಾ! ರಾತ್ರಿಯಂಗಿಯ ಮೇಲೆ ಕೇಟಳ ಹಳೆಯ ಕೋಟು, ಕಾಲಿಗೆ ರಬ್ಬರ್ ಬೂಟು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಕೆಮ್ಮುತ್ತ ಬಂದಳು.

"ನಿಂಗೇನು ಹುಚ್ಚೇನೆ? ಹೋಗಿ ಮಲಗು!" ಎಂದು ನಾನು ಕೂಗಿದೆ.

"ನನ್ನ ಮಠದಲ್ಲಿ ಸಂತೆ ನಡೀತಿದೆ, ನಾನು ಮಲಗಬೇಕಾ?" ಎಂದು ಗುಂಡಿಯ ಅಂಚಿಗೆ ಬಂದು ಇಣುಕಿದಳು. ಪೀಟಿ ತಲೆ ತಗ್ಗಿಸಿ ಎಲ್ಲ ಒಪ್ಪಿಸಿದ.

"ಸಬೀನಾ, ಈ ನೆಲ ಯಾವ ಮನೇದು?" ಎಂದು ವಿನಿ ಕೇಳಿದಳು.

"ಯಾರದ್ದೂ ಅಲ್ಲ ವಿನಿ. ಸನ್ಯಾಸಿಗಳು ಕತ್ತಲಲ್ಲಿ ಇಳಿದು ಬರೋ ದಾರಿ, ಇಲ್ಲಿ ಯಾರನ್ನೂ ಮಲಗಿಸ್ತಿರಲಿಲ್ಲ. ಆಮೇಲೂ ಯಾರೂ ಕೇಳಲಿಲ್ಲ."

ಎಲ್ಲರ ತಲೆಯಲ್ಲೂ ಒಂದೇ ಮಾತು ಓಡುತ್ತಿತ್ತು, ಅದು ನನಗೆ ಗೊತ್ತು, ಏಕೆಂದರೆ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಕಾಯಿಲೆಯಿಂದ ನಡುಗುತ್ತ ನಿಂತ ಹೆಂಗಸಿಗೆ, ತೆರೆದ ಗೋರಿಯ ಅಂಚಿನಲ್ಲಿ, ಅಂಥ ಮಾತು ಯಾರು ಹೇಳಬೇಕು? ಹೇಳಿದವಳು ವಿನಿ. ಮನೆಯಲ್ಲಿ ಗಂಡನ ಹೆಣ ಇಟ್ಟುಕೊಂಡು ಬಂದವಳಿಗೆ ಇನ್ಯಾವ ಶಕುನದ ಭಯ?

"ಹಾಗಾದ್ರೆ ಇದು ನಿಂದೇ ಕಣೆ, ಸಬೀನಾ."

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಫಾದರ್ ಕೂಡ ಹಾಕಿಕೊಂಡರು. ಸಬೀನಾ ಮೊದಲು ವಿನಿಯನ್ನು ನೋಡಿದಳು, ಆಮೇಲೆ ಮೆಟ್ಟಿಲನ್ನು, ಆಮೇಲೆ ಗುಂಡಿಯನ್ನು.

"ನಂಗಾ?"

"ನಿಂಗೇ."

"ಮಠದೊಳಗೆ?"

"ಮತ್ತಿನ್ನೇನು, ನನ್ನ ಅಡುಗೆಮನೇಲಾ?" ಎಂದಳು ವಿನಿ. ಅಷ್ಟು ಹೊತ್ತೂ ಅಳದಿದ್ದವಳು ಈಗ ಅಳುತ್ತಿದ್ದಳು.

"ಆದ್ರೆ ಅದು ನಿನ್ನ ಕರೆಯುತ್ತೆ ಸಬೀನಾ," ಎಂದ ಪೀಟಿ ಗುಂಡಿಯೊಳಗಿಂದ, ತಡೆಯಲಾರದೆ.

ಸಬೀನಾ ನಕ್ಕಳು. ಕೆಮ್ಮು ಬಂತು, ಆದರೂ ನಕ್ಕಳು. "ಕರೆದ್ರೆ ಕರೀಲಿ ಬಿಡೋ. ಹುಟ್ಟಿದಾಗಿಂದ ನಂಗೆ ಹೋಗು ಅಂದೋರೇ ಎಲ್ಲಾ. ಬಾ ಅಂದದ್ದು ಇದೇ ಮೊದಲು. ಆದ್ರೆ ಬರಿದಾಗಿ ಮುಚ್ಚೋದು ಬೇಡ, ಆ ಬಸುರಿ ಹುಡುಗಿ ಹೆದರ್ತಾಳೆ." ಎಂದವಳೇ ನನ್ನ ಭುಜ ಹಿಡಿದುಕೊಂಡು ಬಲಗಾಲಿನ ರಬ್ಬರ್ ಬೂಟು ಕಳಚಿ ಗುಂಡಿಗೆ ಎಸೆದಳು. "ತಗೋ, ಇದು ಮುಂಗಡ. ಮಿಕ್ಕಿದ್ದು ಆಮೇಲೆ ಬರುತ್ತೆ!"

ಊರಿಗೆ ಊರೇ ನಕ್ಕಿತು. ಹೆಣ ಮನೆಯಲ್ಲಿದೆ ಎಂಬುದನ್ನೂ ಮರೆತು ವಿನಿಯೂ ನಕ್ಕಳು. ಗುಂಡಿ ಮುಚ್ಚಿದರು. ಹಿಮದಲ್ಲಿ ಒಂಟಿ ಬೂಟಿನಲ್ಲಿ ನಿಂತವಳನ್ನು ಪೀಟಿ ಒಂದೇ ಸಲಕ್ಕೆ ಎತ್ತಿಕೊಂಡ.

"ಇಳಿಸೋ ನನ್ನ! ಜನ ಏನಂತಾರೆ?"

"ಗೊರಕೆ ಹೊಡೆಯೋನ ತೋಳಿಗೆ ಒಂದು ಸಲನಾದ್ರೂ ಬಂದ್ಲು ಅಂತಾರೆ, ಬಾಯ್ಮುಚ್ಚು."

ಮನೆಯಲ್ಲಿ ಒಲೆಯ ಮುಂದೆ ಕೂರಿಸಿದಾಗ ಅವಳ ನಗು ಆರಿತ್ತು. ನನ್ನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು. "ಫೆಸ್ಟಿ, ನಂಗೂ ಒಂದು ಜಾಗ ಆಯ್ತಲ್ಲೋ. ಇನ್ನು ನಾನು ಯಾವತ್ತು ಬೇಕಾದ್ರೂ ಹೋಗಬಹುದು. ದೇವರು ದೊಡ್ಡೋನು ಕಣೋ, ನೀವೆಲ್ಲ ದೊಡ್ಡೋರು." ದೊಡ್ಡವರಂತೆ! ಎಡಬಲ ಗೊತ್ತಿಲ್ಲದ ನಾಲ್ಕು ಜನ ಕೋಣಗಳಿಗೆ ನಾನು ಅವತ್ತು ಮನಸಾರೆ ಕೃತಜ್ಞನಾದೆ.

ವಸಂತದಲ್ಲಿ ಸ್ಮಾರಕಗಳ ಅಧಿಕಾರಿ ಬಂದರು. ಮೆಟ್ಟಿಲ ಬುಡದ ಹಸಿ ಮಣ್ಣು ನೋಡಿ ನೇರ ಪಬ್ಬಿಗೆ ಬಂದು, "ಅಲ್ಲಿ ಅಗೆದದ್ದು ಯಾರು?" ಎಂದು ಕೇಳಿದರು. ಕೇಳುವುದು ಅವರ ಕೆಲಸ, ತಪ್ಪೇನಿಲ್ಲ.

"ಅದು ಸಬೀನಾ ಜಾಗ," ಎಂದಳು ವಿನಿ.

"ಅವರ ಕಡೆಯವರು ಯಾರಾದ್ರೂ ಒಳಗಿದಾರಾ?"

ಇಲ್ಲ ಎಂದರೆ ಕಾನೂನಿನ ಪ್ರಕಾರ ಜಾಗವಿಲ್ಲ. ಮೂಲೆಯಲ್ಲಿ ಕೂತಿದ್ದ ಪೀಟಿ, ಮಾತು ಬಾರದ ಪೀಟಿ, ಲೋಟ ಕೆಳಗಿಟ್ಟ. "ನಾವೆಲ್ಲ ಅವಳ ಕಡೆಯೋರೇ ಸ್ವಾಮಿ. ನಮ್ಮೋರೆಲ್ಲ ಒಳಗೇ ಇದಾರೆ."

ಅಧಿಕಾರಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಅಷ್ಟು ಜನ ಇದ್ರೆ ಸಾಕು," ಎಂದರು. "ಮುಂದಿನ ಸಲ ಅಗೆಯೋ ಮುಂಚೆ ನಂಗೊಂದು ಮಾತು ಹೇಳಿ. ಆ ಮೆಟ್ಟಿಲಿನ ತಳಪಾಯ ನೋಡ್ಬೇಕು ಅಂತ ನಂಗೂ ಎಷ್ಟು ವರ್ಷದ ಆಸೆ." ಅವರ ಮೊದಲ ಲೋಟಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ನೆಲ ಅವಳನ್ನು ಕರೆಯಲಿಲ್ಲ. ನ್ಯುಮೋನಿಯಾ ಬಿಟ್ಟಿತು, ಮತ್ತೆ ಬಹಳ ವರ್ಷ ಗಟ್ಟಿಮುಟ್ಟಾಗಿ ಓಡಾಡಿದಳು. "ಇನ್ನೂ ಕರೆ ಬರಲಿಲ್ವಾ?" ಎಂದು ಯಾರಾದರೂ ಕೆಣಕಿದರೆ, "ಒಂಟಿ ಬೂಟಲ್ಲಿ ಹೇಗೋ ಬರೋದು ಅಂತ ಹೇಳಿ ಕಳಿಸಿದೀನಿ," ಎನ್ನುತ್ತಿದ್ದಳು. ಮಠ ತೋರಿಸುವಾಗ ಮೆಟ್ಟಿಲ ಬುಡಕ್ಕೆ ಬಂದು, ಹೊಲ ತೋರಿಸುವ ರೈತನ ಠೀವಿಯಲ್ಲಿ, "ಇದು ನಂದು," ಎನ್ನುವಳು. ಭಾನುವಾರಕ್ಕೊಂದು ಮನೆಯಂತೆ ಎಲ್ಲರ ಬಾಗಿಲಿಗೂ ಬಿಸಿ ರೊಟ್ಟಿ ಒಯ್ದು ಕೊಡುತ್ತಿದ್ದಳು. ಯಾತಕ್ಕೆ ಎಂದರೆ, "ಸುಮ್ನೆ, ಖುಷಿಗೆ," ಎನ್ನುವಳು. ಬಸುರಿಯ ಹೊಟ್ಟೆಯಲ್ಲಿದ್ದ ಹೆಣ್ಣುಮಗುವಿಗೆ ಸಬೀನಾ ಎಂದೇ ಹೆಸರಿಟ್ಟರು.

ಒಂದು ಅಕ್ಟೋಬರ್ ಬೆಳಿಗ್ಗೆ, ಸೇಬು ಹೆಚ್ಚುತ್ತ ಕುರ್ಚಿಯಲ್ಲೇ ಹೋದಳು. ಅಂಥ ಸಾವು ಎಲ್ಲರಿಗೂ ಬರಲಿ.

ಗುಂಡಿ ತೋಡಿಸುವುದು ನನ್ನ ಹೊಣೆ. ಮೊದಲು ಪೀಟಿಯ ಮನೆಗೆ ಹೋದೆ. ಮುದುಕ ಕಪ್ಪು ಟೈ ಕಟ್ಟಿಕೊಳ್ಳುತ್ತಿದ್ದ. "ಇಬ್ಬರು ಹುಡುಗರನ್ನ ಕಳಿಸೋ," ಎಂದೆ.

"ನಮ್ಮ ಮನೆಯೋರು ತೋಡೋ ಹಾಗಿಲ್ಲ ಫೆಸ್ಟಿ. ನಾವು ಸತ್ತೋರ ಮನೆಯೋರು."

"ಯಾವ ಲೆಕ್ಕದಲ್ಲೋ?"

"ಅವತ್ತು ಹಿಮದಲ್ಲಿ ಅವಳನ್ನ ಮನೆಗೆ ಎತ್ತಿಕೊಂಡು ಬಂದವನು ನಾನಲ್ವಾ?"

ಹಾಳಾಗಿ ಹೋಗು ಎಂದು ಟೂಹಿಗಳ ಮನೆಗೆ ಹೋದೆ. "ನಮ್ಮಮ್ಮ ಕೊಟ್ಟ ಜಾಗ, ನಾವು ಮನೆಯೋರು," ಎಂದರು ವಿನಿಯ ಮಕ್ಕಳು. ಅಂದಿನ ಬಸುರಿಯ ಗಂಡ, "ಮಗಳಿಗೆ ಅವಳ ಹೆಸರು ಇಟ್ಟಿದೀವಿ, ನಾನು ಸಲಿಕೆ ಮುಟ್ಟಲ್ಲ," ಎಂದ. ಗ್ಲಾಸ್ಗೋದಿಂದ ಲವೆಲ್ ಫೋನು ಮಾಡಿ, "ಮನೆಯವನು ನಾನು, ಬರೋವರೆಗೂ ಕಾಯಿರಿ," ಎಂದ. ಊರೆಲ್ಲ ಅಲೆದೆ. ಯಾವ ಬಾಗಿಲು ತಟ್ಟಿದರೂ ಒಳಗೆ ಸತ್ತವಳ ಮನೆಯವರೇ! ರೇಗಿ ಮನೆಗೆ ಬಂದು, "ಯಾರೂ ಬೇಡ, ನಾನೇ ತೋಡ್ತೀನಿ," ಎಂದು ಕೊಟ್ಟಿಗೆಯಿಂದ ಸಲಿಕೆ ಎತ್ತಿಕೊಂಡೆ.

ಡೀಲಿಯಾ ಬಾಗಿಲಲ್ಲಿ ನಿಂತಿದ್ದಳು. "ನೀನಾ? ನಮ್ಮ ಮಗೂನ ಇಷ್ಟು ವರ್ಷ ನೋಡ್ಕೊಂಡೋಳು ಅವಳು. ನಾವು ಮನೆಯೋರಲ್ವಾ? ಕೆಳಗಿಡು ಅದನ್ನ."

ಇಟ್ಟೆ. ಪಕ್ಕದ ಊರು ಬನ್‌ರಾಕ್ಕೆ ಹೇಳಿಕಳಿಸಿ, ಅವಳನ್ನು ಕಂಡೂ ಅರಿಯದ ನಾಲ್ವರನ್ನು ಕರೆಸಿದೆ. ಅವರು ತೋಡಿದರು.

ನಮ್ಮಲ್ಲಿ ಮಣ್ಣಾದ ಮೇಲೆ ಮನೆಯವರು ಸಾಲಾಗಿ ನಿಲ್ಲುತ್ತಾರೆ, ಬಂದವರು ಒಬ್ಬೊಬ್ಬರಾಗಿ ಕೈ ಕುಲುಕಿ ಸಮಾಧಾನ ಹೇಳಿ ಹೋಗುತ್ತಾರೆ. ಫಾದರ್ ಪ್ರಾರ್ಥನೆ ಮುಗಿಸಿದರು. ವಿನಿ ಮೆಟ್ಟಿಲ ಬುಡದಲ್ಲಿ ಮೊದಲು ನಿಂತಳು, ಅವಳ ಪಕ್ಕ ಪೀಟಿ, ಅವನ ಪಕ್ಕ ಲವೆಲ್, ಆಮೇಲೆ ನಾನು, ಡೀಲಿಯಾ. ನೋಡನೋಡುತ್ತ ಸಾಲು ಗೋಡೆಗುಂಟ ಬೆಳೆದು ಪಡುವಣ ಬಾಗಿಲು ಮುಟ್ಟಿತು. ಎದುರಿಗೆ ಯಾರೂ ಉಳಿಯಲಿಲ್ಲ. ಫಾದರ್ ಅತ್ತಿತ್ತ ನೋಡಿದವರು, ಪುಸ್ತಕ ಮುಚ್ಚಿ, ತಾವೂ ಹೋಗಿ ಸಾಲಿನ ಕೊನೆಯಲ್ಲಿ ನಿಂತುಬಿಟ್ಟರು.

ಬನ್‌ರಾದ ನಾಲ್ವರು ಮಾತ್ರ ಸಲಿಕೆ ಹಿಡಿದು ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಲಿಕೆಗಳನ್ನು ಗೋಡೆಗೆ ಒರಗಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೋಪಿ ತೆಗೆದು, ಊರಿಗೆ ಊರನ್ನೇ ಕೈ ಕುಲುಕುತ್ತ ಬಂದರು. ಪ್ರತಿಯೊಬ್ಬರಿಗೂ, "ನಿಮ್ಮ ಮನೆಗೆ ಬಂದ ದುಃಖಕ್ಕೆ ನಮಗೂ ಸಂಕಟ," ಎಂದರು. ಒಬ್ಬರನ್ನೂ ಬಿಡಲಿಲ್ಲ.

ಅವರಲ್ಲಿ ಹಿರಿಯನೊಬ್ಬ ನನ್ನ ಕೈ ಹಿಡಿದು, ಬಾಗಿಲಿನವರೆಗೂ ಕಣ್ಣು ಹಾಯಿಸಿ, "ಬಲು ದೊಡ್ಡ ಸಂಸಾರ ಬಿಟ್ಟು ಹೋದ್ರು ತಾಯಿ," ಎಂದ.

"ಹೌದಪ್ಪ," ಎಂದೆ. ಅವನು ಮುಂದೆ ಸರಿದು ಡೀಲಿಯಾಳ ಕೈ ಹಿಡಿದ.